ಸುಣ್ಣದ ಗೆರೆ, ಭಾಯಿಯ ಕೋಲು

ಕಾಫಿ ಕಣದ ಒಂದು ಮೂಲೆಯಲ್ಲಿ ಟಾರ್ಪಾಲು ಹಾಸಿ ಹೆಂಗಸರನ್ನು ಕೂರಿಸಿದ್ದೆವು. ಹದಿನಾಲ್ಕು ಜನ, ಆಲೂರು ಕಡೆಯ ಹಳ್ಳಿಯೊಂದರಿಂದ ದಿನಾ ಬೆಳಿಗ್ಗೆ ಪಿಕಪ್ಪಿನಲ್ಲಿ ನಮ್ಮ ತೋಟಕ್ಕೆ ಹಣ್ಣು ಕುಯ್ಯಲು ಬರುವವರು. ಅವರ ಮುಂದಾಳು ಲಕ್ಕಮ್ಮ ಎಲ್ಲರಿಗಿಂತ ಮುಂದೆ ಕಾಲು ಚಾಚಿ ಕೂತಿದ್ದಳು. ತೋಟದ ಯಜಮಾನರಾದ ಗೌಡರು ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ಅವರ ಪಕ್ಕದ ಇನ್ನೊಂದು ಕುರ್ಚಿ ಖಾಲಿ. ಅದನ್ನು ಹಾಕಿದ್ದು ಪಿಕಪ್ಪಿನ ಡ್ರೈವರ್ ಭಾಯಿಗೆ. ಭಾಯಿ ಮಾತ್ರ ಪಿಕಪ್ಪಿನ ಬಾಗಿಲಿಗೆ ಒರಗಿ ನಿಂತುಬಿಟ್ಟಿದ್ದರು, ಇನ್ನೇನು ಟ್ರಿಪ್ಪಿಗೆ ಹೊರಡಬೇಕು ಅನ್ನುವವರ ಹಾಗೆ. ತೋಟದ ರೈಟರ್ ಆದ ನಾನು, ಅಂದರೆ ಹಾಜರಿ ಕೂಗುವವನು, ಶಾಲು ಮಡಚಿ ಹಿಡಿದು ಕಾಯುತ್ತಿದ್ದೆ.

ಅದು ಕೆಲಸದಲ್ಲಿ ಭಾಯಿಯ ಕೊನೆಯ ದಿನ. ಕೆಲಸ ಬಿಡಿಸಿದವರು ಯಾರೂ ಇಲ್ಲ. ಸಕಲೇಶಪುರದ ಬಸ್ ಸ್ಟ್ಯಾಂಡಿನ ಹೊರಗೆ ನಿಂತು, ಬರುವ ಬಸ್ಸಿನ ನಂಬರನ್ನು ಎಷ್ಟು ದೂರದಿಂದ ಓದಬಲ್ಲೆ ಎಂದು ಅವರೇ ವಾರಕ್ಕೊಮ್ಮೆ ಪರೀಕ್ಷೆ ಮಾಡಿಕೊಳ್ಳುತ್ತಿದ್ದರಂತೆ. ಎರಡು ವಾರ ಸತತವಾಗಿ ತಪ್ಪು ಓದಿದರು. ಮೂರನೆಯ ವಾರ ಗೌಡರ ಮನೆಗೆ ಬಂದು ಪಿಕಪ್ಪಿನ ಕೀ ಮೇಜಿನ ಮೇಲಿಟ್ಟು, "ಕಣ್ಣಿಗೆ ಪೊರೆ ಬಂದೈತೆ ಗೌಡ್ರೇ. ಇನ್ನು ಹದಿನಾಲ್ಕು ಜನರ ಜೀವ ನನ್ ಕೈಲಿ ಬ್ಯಾಡ" ಅಂದರು. ಕಣ್ಣಿನ ಆಪರೇಷನ್ ಮಾಡಿಸಿಕೋ, ಮತ್ತೆ ಬಾ ಎಂದು ಗೌಡರು ಎಷ್ಟು ಹೇಳಿದರೂ ನಕ್ಕು, ಕೀಯನ್ನು ಅಲ್ಲೇ ಬಿಟ್ಟು ಬಂದರಂತೆ.

ಎತ್ತರದ ಆಳು ಅಲ್ಲ. ಗಟ್ಟಿ ಮೈ, ಬಿಳಿ ಗಡ್ಡ, ತಲೆಗೆ ಕೈಹೆಣಿಗೆಯ ಉಣ್ಣೆ ಟೋಪಿ. ಬೇಸಿಗೆಯಲ್ಲೂ ಆ ಟೋಪಿ ತಲೆಯ ಮೇಲೇ. ಮಾತಾಡುವಾಗ ಕಣ್ಣು ಎದುರಿನವರ ಮುಖದ ಮೇಲೆ ಇರುತ್ತಿರಲಿಲ್ಲ, ಅವರ ಕಾಲ ಕೆಳಗಿನ ನೆಲದ ಮೇಲೆ ಇರುತ್ತಿತ್ತು. ಹೊಸದಾಗಿ ನೋಡಿದವರು ಇವರಿಗೆ ಬಹಳ ಸಂಕೋಚ ಅಂದುಕೊಳ್ಳುತ್ತಿದ್ದರು. ಸಂಕೋಚ ಅಲ್ಲ, ಅಭ್ಯಾಸ. ಹನ್ನೊಂದು ವರ್ಷ ಅವರು ಇದ್ದದ್ದು ನೆಲವನ್ನು ನಂಬಲಾಗದ ಊರಿನಲ್ಲಿ.

ಸಕಲೇಶಪುರದ ಲಾರಿ ಮನೆತನದವರು. ಹರೆಯದಲ್ಲಿ ಘಾಟಿಯಲ್ಲಿ ಲಾರಿ ಓಡಿಸಿ, ಆಮೇಲೆ ಗಲ್ಫಿನಲ್ಲಿ ಟ್ಯಾಂಕರ್ ಓಡಿಸಿ, ಅಲ್ಲಿಂದ ಯಾರದೋ ಪರಿಚಯ ಹಿಡಿದು ಕೆನಡಾಕ್ಕೆ ಹೋದರು. ಕೆನಡಾದಲ್ಲಿ ಇನ್ನೂ ಮೇಲೆ, ಮರವೇ ಬೆಳೆಯದಷ್ಟು ಉತ್ತರಕ್ಕೆ, ಹೆಪ್ಪುಗಟ್ಟುವ ಸಮುದ್ರದ ದಂಡೆಯ ಒಂದು ಹಳ್ಳಿಗೆ. ಅಲ್ಲಿ ಅವರ ಕೆಲಸ ನೀರಿನ ಲಾರಿ ಓಡಿಸುವುದು. ನೆಲ ಅಡಿಯವರೆಗೂ ಹೆಪ್ಪುಗಟ್ಟಿರುವುದರಿಂದ ಪೈಪು ಹೂಳುವ ಹಾಗಿಲ್ಲವಂತೆ. ಮನೆಗೊಂದು ಟ್ಯಾಂಕು, ಅದು ಖಾಲಿಯಾದರೆ ಹೊರಗೋಡೆಯ ಮೇಲೆ ಒಂದು ದೀಪ ಹೊತ್ತಿಕೊಳ್ಳುತ್ತದೆ. ದೀಪ ಕಂಡ ಮನೆ ಮುಂದೆ ಭಾಯಿ ಲಾರಿ ನಿಲ್ಲಿಸಬೇಕು. ಊರಿಗೆ ಬಂದು ಎಷ್ಟೋ ವರ್ಷದ ಮೇಲೂ, ನಮ್ಮ ತೋಟದ ಆಳುಗಳ ಲೈನ್ ಮನೆಗಳ ಹೊರಗೆ ಹಗಲಲ್ಲಿ ಯಾರಾದರೂ ಬಲ್ಬು ಆರಿಸದೆ ಬಿಟ್ಟಿದ್ದರೆ ಬ್ರೇಕು ಹಾಕಿ, "ಯಾರಮ್ಮ, ನೀರು ಖಾಲಿಯಾ?" ಅನ್ನುವರು. ಹೆಂಗಸರು ನಗುವರು.

ಗೌಡರು ಒಮ್ಮೆ ಅವರನ್ನು ಎಸ್ಕಿಮೊಗಳ ಸಂಗತಿ ಹೇಳು ಎಂದು ಕೇಳಿದಾಗ ಭಾಯಿ ಮೆಲ್ಲಗೆ ತಿದ್ದಿದರು. ಆ ಹೆಸರು ಅವರಿಗೆ ಹಿಡಿಸುವುದಿಲ್ಲ, ಇನುಯಿಟ್ ಅನ್ನಬೇಕು ಅಂದರು. ಮಂಜಿನ ಗೂಡಿನಲ್ಲಿ ಇರುತ್ತಾರಲ್ಲವಾ ಅಂದದ್ದಕ್ಕೆ, ಇಲ್ಲ, ನಿಮ್ಮ ಥರಾನೇ ಮನೆ, ನಿಮ್ಮ ಥರಾನೇ ಟಿ.ವಿ., ಟಿ.ವಿ. ಮುಂದೆ ನಿಮ್ಮ ಥರಾನೇ ನಿದ್ದೆ ಹೊಡೆಯುತ್ತಾರೆ ಅಂದರು. ಗೌಡರ ಮನೆಯವರು ಒಳಗಿನಿಂದ ಜೋರಾಗಿ ನಕ್ಕದ್ದು ಎಲ್ಲರಿಗೂ ಕೇಳಿಸಿತು.

ರಂಜಾನಿನ ಕಥೆಯನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಮುಳುಗದಿದ್ದರೆ ಉಪವಾಸ ಬಿಡುವುದು ಯಾವಾಗ? ತಿಳಿದವರನ್ನು ಕೇಳಿ, ದಕ್ಷಿಣದ ದೊಡ್ಡ ಊರೊಂದರ ಹೊತ್ತನ್ನು ಇಟ್ಟುಕೊಂಡರಂತೆ. ಅವರ ಪಕ್ಕದ ಮನೆಯಲ್ಲಿ ಒಬ್ಬ ಮುದುಕ ಬೇಟೆಗಾರ. ಭಾಯಿ ಅವರನ್ನು ಕರೆಯುತ್ತಿದ್ದುದು ಅಣ್ಣ ಎಂದು, ಕನ್ನಡದಲ್ಲೇ. ಆ ಅಣ್ಣನ ಹೆಂಡತಿ ಗಡಿಯಾರ ನೋಡಿಕೊಂಡು, ಹೊರಗೆ ಇನ್ನೂ ಬಿಸಿಲು ಇರುವಾಗಲೇ, ಒಂದು ತಟ್ಟೆ ಮೀನು ತಂದು ಬಾಗಿಲು ಬಡಿದು, "ನಿನ್ನ ಸೂರ್ಯ ಮುಳುಗಿತು, ತಿನ್ನು" ಅನ್ನುತ್ತಿದ್ದರಂತೆ. ಇದನ್ನು ಹೇಳುವಾಗೆಲ್ಲ ಭಾಯಿ ಟೋಪಿಯನ್ನು ಒಮ್ಮೆ ಮುಟ್ಟಿಕೊಳ್ಳುವರು. ಆ ಟೋಪಿ ಹೆಣೆದದ್ದೂ ಆಕೆಯೇ.

ಯಾಕೆ ಬಿಟ್ಟು ಬಂದಿರಿ ಎಂದು ಕೇಳಿದರೆ ಅವರ ಉತ್ತರ ಒಂದೇ: "ಚಳಿ ಸಾಲ್ದೇ ಬಂದ್ಬುಟ್ಟೆ."

ಸಕಲೇಶಪುರದ ಹೋಟೆಲಿನಲ್ಲಿ ಈ ಮಾತಿಗೆ ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕವನೇ. ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾದದ್ದು ಒಂದು ಹಳ್ಳದ ದೆಸೆಯಿಂದ.

ಹೆಗ್ಗದ್ದೆ ಕಡೆಯ ನಮ್ಮ ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಅದಕ್ಕೆ ಗೌಡರ ತಂದೆ ಕಟ್ಟಿಸಿದ ಮುಳುಗುಸೇತುವೆ ಇತ್ತು. ಕೆಳಗೆ ಪೈಪು, ಮೇಲೆ ಕಾಂಕ್ರೀಟಿನ ಹಾಸು. ಮಳೆಗಾಲದಲ್ಲಿ ನೀರು ಹಾಸಿನ ಮೇಲೆಯೇ ಹರಿದುಹೋಗುತ್ತಿತ್ತು. ಪಕ್ಕದ ಬಂಡೆಯ ಮೇಲೆ ಆ ಹಿರಿಯರೇ ಒಂದು ಸುಣ್ಣದ ಗೆರೆ ಎಳೆಸಿದ್ದರು. ನೀರು ಗೆರೆಗಿಂತ ಮೇಲಿದ್ದರೆ ಗಾಡಿ ನಿಲ್ಲಬೇಕು, ಕೆಳಗಿದ್ದರೆ ಹೋಗಬಹುದು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಗಾಡಿಗಳಿಗೆ ಕುಂಕುಮ ಇಡುವಾಗ ಆ ಗೆರೆಗೂ ಹೊಸ ಸುಣ್ಣ ಬಳಿದು ಹೂ ಇಡುತ್ತಿದ್ದೆವು. ನಮಗೆ ಅದು ದೇವರ ಗೆರೆ. ಅದನ್ನು ನೋಡಿ ದಾಟಿದ ಯಾರಿಗೂ ಏನೂ ಆಗಿರಲಿಲ್ಲ.

ಭಾಯಿ ಮಾತ್ರ ಕೆಲಸಕ್ಕೆ ಸೇರಿದಾಗಿನಿಂದ ಗಾಡಿಯಲ್ಲಿ ಒಂದು ಕೋಲು ಇಟ್ಟುಕೊಂಡಿದ್ದರು. ಹಳೇ ಕಾಫಿ ಗಿಡದ ಗಟ್ಟಿ ಕೋಲು; ತುದಿಗೆ ಆಲೂರಿನ ಕುಲುಮೆಯಲ್ಲಿ ಹೊಡೆಸಿ ಹಾಕಿಸಿದ ಕಬ್ಬಿಣದ ಮೊನೆ. ಉತ್ತರದ ಅಣ್ಣ ಕೊಟ್ಟ ಕೋಲನ್ನು ವಿಮಾನಕ್ಕೆ ಹತ್ತಿಸಲಿಲ್ಲವಂತೆ. ಅದರ ಉದ್ದಕ್ಕೆ ಒಂದು ದಾರ ಹಿಡಿದು ಕತ್ತರಿಸಿ, ಆ ದಾರವನ್ನು ಜೇಬಿನಲ್ಲಿ ತಂದು, ಇಲ್ಲಿ ಹೊಸ ಕೋಲು ಮಾಡಿಸಿದ್ದರು. ಮಳೆ ಬಂದ ಮಾರನೆಯ ದಿನ ಹಳ್ಳದ ಹತ್ತಿರ ಗಾಡಿ ನಿಲ್ಲಿಸಿ, ಇಳಿದು, ಹಾಸಿನುದ್ದಕ್ಕೂ ಕುಟ್ಟಿಕೊಂಡು ಹೋಗಿ ಬರುವರು. ಪಿಕಪ್ಪಿನ ಹಿಂದೆ ನಿಂತ ಹೆಂಗಸರಿಗೆ ಅದು ದಿನದ ಮೊದಲ ನಗು. ಭಾಯಿ ರಾಗಿ ಕುಟ್ಟುತ್ತಾರೆ ಎಂದು ಲಕ್ಕಮ್ಮ ಹಾಡು ಕಟ್ಟಿದ್ದಳು.

ಒಂದು ವರ್ಷ ಹಣ್ಣು ಕುಯ್ಯುವ ಹೊತ್ತಿಗೆ ಸರಿಯಾಗಿ, ಬರಬಾರದ ತಿಂಗಳಲ್ಲಿ, ಎರಡು ದಿನ ಮಳೆ ಹೊಡೆಯಿತು. ಮೂರನೆಯ ದಿನ ಚೊಕ್ಕ ಬಿಸಿಲು. ಹಣ್ಣು ಉದುರುತ್ತಿದೆ, ಬೇಗ ಬನ್ನಿ ಎಂದು ಗೌಡರು ಬೆಳಿಗ್ಗೆಯೇ ಮೂರು ಸಲ ಫೋನು ಮಾಡಿದ್ದರು. ಅವತ್ತು ನಾನೂ ಡ್ರೈವರ್ ಪಕ್ಕದ ಸೀಟಿನಲ್ಲಿದ್ದೆ. ಹಳ್ಳದ ನೀರು ಗೆರೆಗಿಂತ ಒಂದು ಗೇಣು ಕೆಳಗಿತ್ತು. ಭಾಯಿ ಎಂದಿನಂತೆ ಇಳಿದರು, ಕುಟ್ಟಿದರು. ಈ ದಡದ ಕಡೆ ಟಣ್ ಟಣ್ ಅಂದ ಸದ್ದು ನಡುವೆ ಬಂದಾಗ ಬೇರೆಯಾಯಿತು. ಮಣ್ಣಿನ ಗಡಿಗೆಗೆ ಬೆರಳಲ್ಲಿ ಹೊಡೆದಂತೆ. ಅಲ್ಲೇ ಮೂರು ಸಲ ಕುಟ್ಟಿ, ಕಿವಿಗೊಟ್ಟು, ವಾಪಸ್ಸು ಬಂದು ನನ್ನ ಕಿಟಕಿಯ ಹತ್ತಿರ ನಿಂತು ಗಾಡಿ ಹೋಗಂಗಿಲ್ಲ ಅಂದರು.

ನನಗೆ ರೇಗಿತು. ಗೆರೆ ತೋರಿಸಿದೆ.

"ಗೆರೆ ನೀರಿನ ವಿಷ್ಯ ಹೇಳ್ತದೆ ರೈಟ್ರೇ" ಅಂದರು. "ಹಾಸಿನ ಕೆಳಗೆ ಏನಾಗೈತೆ ಅಂತ ಅದು ಹೇಳಕ್ಕಿಲ್ಲ."

ಹಿಂದಿನಿಂದ ಲಕ್ಕಮ್ಮನ ಗಂಟಲು ಶುರುವಾಯಿತು. ಬಿಸಿಲೇರಿದ ಮೇಲೆ ಹೋದರೆ ಹಾಜರಿ ಹಾಕುವವರು ಯಾರು, ನಿನ್ನ ಕೋಲಾ ಎಂದು ಕೇಳಿದಳು. ನಾನು ಗೌಡರಿಗೆ ಫೋನು ಮಾಡಿದೆ. ನೀರು ಗೆರೆಯ ಕೆಳಗಿದ್ದರೆ ಇನ್ನೇನು ತೊಂದರೆ ಅವನಿಗೆ, ದಾಟಿಸು ಅಂದರು. ಗೌಡರ ಮಾತಿಗೆ ನನ್ನದೂ ಒಂದಿಷ್ಟು ಬಿಸಿ ಸೇರಿಸಿ ಭಾಯಿಗೆ ಹೇಳಿಬಿಟ್ಟೆ:

"ದಾಟ್ಸಂಗಿದ್ರೆ ದಾಟ್ಸಿ. ಇಲ್ದಿದ್ರೆ ಕೀ ಕೊಟ್ಟು ಮನೆಗೋಗಿ."

ಭಾಯಿ ಕೀ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಇಟ್ಟು, "ಓಡ್ಸದಾದ್ರೆ ನೀವೇ ಓಡ್ಸಿ. ಹೆಂಗಸ್ರನ್ನ ಇಳಿಸ್ಬುಟ್ಟು ಓಡ್ಸಿ, ಅಷ್ಟೇ ನಾ ಕೇಳದು" ಅಂದರು. ಹಿಂದಕ್ಕೆ ಹೋಗಿ, ಪಿಕಪ್ಪಿನ ಹಿಂಬಾಗಿಲ ಕೊಂಡಿಯನ್ನು ತಾವೇ ಬಿಚ್ಚಿದರು.

ಅದನ್ನು ಮೇಲಿನಿಂದ ಲಕ್ಕಮ್ಮ ನೋಡಿದಳು. ಮೊದಲು ತಾನು ಇಳಿದಳು, ಆಮೇಲೆ ಉಳಿದವರನ್ನು ಇಳಿಸಿದಳು. ಈಗ ಗಾಡಿಯಲ್ಲಿ ನಾನೊಬ್ಬನೇ. ಡ್ರೈವರ್ ಸೀಟಿಗೆ ಸರಿದು ಸ್ಟೀರಿಂಗ್ ಹಿಡಿದೆ. ದಂಡೆಯ ಮೇಲೆ ಹದಿನಾಲ್ಕು ಹೆಂಗಸರು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಯಾರೂ ನಗಲಿಲ್ಲ. ಕೀ ತಿರುಗಿಸಲು ನನ್ನ ಕೈ ಏಳಲಿಲ್ಲ. ಇಳಿದು ಕೀಯನ್ನು ಭಾಯಿಗೆ ವಾಪಸ್ಸು ಕೊಟ್ಟೆ. ಮೇಲಿನ ಸುತ್ತುದಾರಿಯಲ್ಲಿ ಹೊರಟೆವು.

ಆ ಸುತ್ತುದಾರಿಯಲ್ಲಿಯೇ ಅವರು ಅಣ್ಣನ ವಿಷಯ ಹೇಳಿದ್ದು. ಸಮಾಧಾನ ಮಾಡಲು ಹೇಳಿದರೋ, ತಮ್ಮ ಮನಸ್ಸು ಹಗುರಾಗಲಿ ಎಂದು ಹೇಳಿದರೋ ತಿಳಿಯದು.

ಆ ಊರಿನಲ್ಲಿ ಸಮುದ್ರ ಹೆಪ್ಪುಗಟ್ಟಿದರೆ ಅದೇ ರಸ್ತೆ. ಬೇಟೆಗೆ, ಮೀನಿಗೆ, ಪಕ್ಕದ ಊರಿನ ನೆಂಟರ ಮನೆಗೆ ಎಲ್ಲ ಅದರ ಮೇಲೆಯೇ ಹೋಗಬೇಕು. ಯಾವ ತಿಂಗಳಲ್ಲಿ ಯಾವ ಜಾಗ ಗಟ್ಟಿ ಎಂದು ಅಪ್ಪ ಮಗನಿಗೆ, ಅಜ್ಜ ಮೊಮ್ಮಗನಿಗೆ ಹೇಳಿಕೊಟ್ಟು ಬಂದದ್ದು. ಈಚೆಗೆ ಎಲ್ಲ ಹಿಂದುಮುಂದಾಗಿತ್ತು. ಮಂಜು ತಡವಾಗಿ ಕಟ್ಟುವುದು, ಬೇಗ ಒಡೆಯುವುದು. ಹೆಪ್ಪಾಗಿದ್ದ ನೆಲ ಮೆತ್ತಗಾಗಿ ಕಂಬದ ಮೇಲಿನ ಮನೆಗಳು ವಾಲಿ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು. ಮುತ್ತಜ್ಜನ ಕಾಲದಿಂದ ಮಾಂಸ ಇಡುತ್ತಿದ್ದ ನೆಲದೊಳಗಿನ ಉಗ್ರಾಣದಲ್ಲಿ ನೀರು ಜಿನುಗುವುದು. ನೀರಿನ ಲಾರಿಯ ದಾರಿಯೂ ಕುಸಿದು, ಭಾಯಿ ಎಷ್ಟೋ ಮನೆಗೆ ದೂರದಿಂದ ಪೈಪು ಎಳೆದು ನೀರು ಕೊಡಬೇಕಾಗುತ್ತಿತ್ತು.

ಒಂದು ದಿನ ಅಣ್ಣ ಭಾಯಿಯನ್ನು ಮಂಜುಗಾಡಿಯ ಹಿಂದೆ ಕೂರಿಸಿಕೊಂಡು ಮೀನಿಗೆ ಹೊರಟರು. ಆ ತಿಂಗಳಲ್ಲಿ ಆ ಸಮುದ್ರದ ಕೊಲ್ಲಿಯ ಮೇಲೆ ನಮ್ಮ ಲಾರಿ ಓಡಿಸಬಹುದು, ಅಷ್ಟು ಗಟ್ಟಿ ಇರಬೇಕಾದ ಜಾಗ. ಮೇಲೆ ಬೆಳ್ಳಗೆ, ಒಂದು ಬಿರುಕೂ ಇಲ್ಲದೆ ಹಾಸಿಕೊಂಡಿತ್ತು. ಅಣ್ಣ ಗಾಡಿ ನಿಲ್ಲಿಸಿ ಕೋಲು ಹಿಡಿದು ಮುಂದೆ ನಡೆದರು. ಮೂರು ಏಟು ತಡೆದರೆ ಹೆಜ್ಜೆ ಇಡಬೇಕು. ಮೊದಲ ಏಟಿಗೇ ಕೋಲು ಇಳಿದರೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ. ಅದು ಅವರ ಪದ್ಧತಿ. ಭಾಯಿ ಹಿಂದೆ ನಿಂತು, ಮುದುಕನಿಗೆ ಅರಳುಮರಳು ಅಂದುಕೊಂಡು ನಗುತ್ತಿದ್ದರು. ಅಷ್ಟರಲ್ಲಿ ಕೋಲು ಮೊದಲ ಏಟಿಗೇ ಸೊರ್ರನೆ ಇಳಿದುಹೋಯಿತು. ಕಪ್ಪು ನೀರು ಉಕ್ಕಿ ಬಂತು. ಕೆಳಗೆ ಬೆಚ್ಚಗಿನ ನೀರು ಹರಿದು, ಮಂಜನ್ನು ಅಡಿಯಿಂದ ತಿಂದು ಹಾಕಿತ್ತು.

"ಮೇಲ್ಗಡೆ ಹಂಗೇ ಇರ್ತದೆ ರೈಟ್ರೇ. ಕೆಳಗಿಂದ ತಿಂದ್ಬುಟ್ಟಿರ್ತದೆ" ಎಂದು ಭಾಯಿ ಗೇರು ಬದಲಿಸಿದರು.

ದಡಕ್ಕೆ ಬಂದ ಮೇಲೆ ಅಣ್ಣ ಸಂತೋಷಪಡಲಿಲ್ಲವಂತೆ. ಕಲ್ಲಿನ ಮೇಲೆ ಕೂತು ಅತ್ತರು. ನಮ್ಮಪ್ಪ ಇದೇ ತಿಂಗಳಲ್ಲಿ ಇಲ್ಲಿ ನನ್ನ ಕೈ ಹಿಡಿದು ನಡೆಸಿದ್ದ, ಅವನು ಹೇಳಿಕೊಟ್ಟದ್ದನ್ನು ನಾನು ಊರ ಮಕ್ಕಳಿಗೆ ಹೇಳಿಕೊಟ್ಟರೆ ಅವು ಸಾಯುತ್ತವೆ, ಇನ್ನು ನಾನು ಕಲಿಸುವುದಕ್ಕೆ ಏನು ಉಳಿಯಿತು ಎಂದರು. ಆ ದಿನದಿಂದ ಮಕ್ಕಳನ್ನು ಮಂಜಿನ ಮೇಲೆ ಕರೆದುಕೊಂಡು ಹೋಗುವುದನ್ನು ಬಿಟ್ಟರು. ಭಾಯಿ ಊರಿಗೆ ಹೊರಟಾಗ ಕೋಲು ಕೊಟ್ಟದ್ದು ಅದಕ್ಕೇ. ನನಗೆ ಇನ್ನು ಬೇಡ, ನೀನು ಹಿಡಿದುಕೋ ಎಂದರಂತೆ.

ಇಷ್ಟು ಕೇಳಿದ ಮೇಲೆ ನನಗೆ ಬುದ್ಧಿ ಬಂತು ಅಂದುಕೊಳ್ಳಬೇಡಿ. ಪಾಪ ಅನ್ನಿಸಿತು, ನಿಜ. ಆದರೆ ಮಂಜಿನ ಕಥೆಗೂ ನಮ್ಮ ಹಳ್ಳಕ್ಕೂ ಎಲ್ಲಿಯ ನಂಟು ಎಂದು ಒಳಗೊಳಗೇ ಅನ್ನಿಸುತ್ತಲೇ ಇತ್ತು. ಭಾಯಿ ಅವತ್ತೇ ಸಂಜೆ ಹಾಸಿನ ಎರಡೂ ಕಡೆ ಮುಳ್ಳುಕೊಂಬೆ ಅಡ್ಡ ಹಾಕಿದರು. ಮಾರನೆಯ ದಿನ ಯಾರೋ ಅದನ್ನು ಸರಿಸಿ ಬೈಕಿನಲ್ಲಿ ದಾಟಿಹೋದ ಗುರುತು ಇತ್ತು. ಬೈಕು ಹೋಗಿದೆಯಲ್ಲ ಎಂದು ತೋಟದಲ್ಲೆಲ್ಲ ಗುಲ್ಲಾಯಿತು. ಭಾಯಿ ಕೊಂಬೆಯನ್ನು ಮತ್ತೆ ಎಳೆದು ಹಾಕಿ, ಮೇಲೆ ಕಲ್ಲು ಹೇರಿ, ಸುತ್ತುದಾರಿ ಹಿಡಿದರು. ಇಂಥ ಪುಕ್ಕಲನನ್ನು ಇಟ್ಟುಕೊಂಡರೆ ತೋಟ ನಡೆಯುವುದಿಲ್ಲ, ಭಾನುವಾರದ ಹೊತ್ತಿಗೆ ಬೇರೆ ಡ್ರೈವರ್ ನೋಡು ಎಂದು ಗೌಡರು ನನಗೆ ಹೇಳಿದರು. ನಾನು ಆಗಲಿ ಅಂದೆ. ಅದು ಭಾಯಿಗೂ ಗೊತ್ತಾಯಿತು. ಗೊತ್ತಾದ ಮಾರನೆಯ ದಿನವೂ ಸುತ್ತುದಾರಿಯಲ್ಲೇ ಬಂದರು.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಹಳ್ಳದ ಕಡೆಯಿಂದ ಒಂದು ಸದ್ದು. ಲಾರಿಯಿಂದ ಜಲ್ಲಿ ಸುರಿದ ಹಾಗೆ. ಬುತ್ತಿ ಬಿಟ್ಟು ಎಲ್ಲರೂ ಓಡಿದೆವು. ಮಳೆಯಿಲ್ಲ, ನೀರು ಇನ್ನಷ್ಟು ಇಳಿದು ಕಾಲು ಮುಳುಗುವಷ್ಟು ಮಾತ್ರ ಇತ್ತು. ಸೇತುವೆಯ ಹಾಸು ನಟ್ಟನಡುವೆ ಮುರಿದು, ಎರಡು ತುಂಡು ಒಂದಕ್ಕೊಂದು ಒರಗಿ ಕೆಳಗೆ ಕೂತಿದ್ದವು. ಯಾವ ಗಾಡಿಯೂ ಅದರ ಮೇಲೆ ಹೋಗಿರಲಿಲ್ಲ. ತನ್ನ ಭಾರಕ್ಕೇ ಕುಸಿದಿತ್ತು. ಪೈಪಿನ ಸುತ್ತಲ ಮಣ್ಣೆಲ್ಲ ಕೊಚ್ಚಿಹೋಗಿ, ಅಡಿಯಲ್ಲಿ ಆಳೊಬ್ಬ ನಿಲ್ಲುವಷ್ಟು ಪೊಳ್ಳು. ಬಂಡೆಯ ಮೇಲೆ ಸುಣ್ಣದ ಗೆರೆ ಅಚ್ಚ ಬಿಳುಪಾಗಿ ಹಾಗೇ ಇತ್ತು.

ಲಕ್ಕಮ್ಮ ದಂಡೆಯ ಮೇಲೇ ಕೂತುಬಿಟ್ಟಳು. ನನ್ನ ಕಡೆ ತಿರುಗಿ, "ನೀವು ಅವತ್ತು ಕೀ ತಿರುಗಿಸ್ಲಿಲ್ವಲ್ಲ ರೈಟ್ರೇ, ಒಳ್ಳೇದಾಯ್ತು ಕಣ್ರೀ" ಅಂದಳು. ಆ ಮಾತನ್ನು ನೆನೆದಾಗೆಲ್ಲ ಇವತ್ತಿಗೂ ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ ಆಗುತ್ತದೆ. ನನ್ನ ಜೀವಮಾನದಲ್ಲಿ ನಾನು ಮಾಡದೆ ಉಳಿದ ಕೆಲಸಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಗೌಡರು ಜೀಪಿನಲ್ಲಿ ಬಂದರು. ಇಳಿದು, ಮುರಿದ ಹಾಸಿನ ಅಂಚಿನವರೆಗೂ ಹೋಗಿ ನೋಡಿದರು. ಭಾಯಿಯ ಹತ್ತಿರ ಹೋಗಿ, ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಾ ಅಂದರು. ಭಾನುವಾರ ಎಂದದ್ದು ಯಾಕೆ ಎಂದು ಮೂರು ಜನಕ್ಕೂ ಗೊತ್ತಿತ್ತು. ಭಾಯಿ ಹೋಗಿ ಉಂಡು ಬಂದರು.

ಗೆದ್ದೆ ಎಂದು ಬೀಗುವ ಜಾಯಮಾನ ಅವರದ್ದಲ್ಲ. ಅವರು ಮಾಡಿದ್ದು ಒಂದೇ: ಮುರಿದ ಹಾಸಿನ ಫೋಟೊ ತೆಗೆದು, ಆ ಉತ್ತರದ ಊರಿನ ಅಣ್ಣನ ಮೊಮ್ಮಗಳ ಫೋನಿಗೆ ಕಳಿಸಿದರು. ಆಗಿದ್ದನ್ನೆಲ್ಲ ನಾಲ್ಕು ಮಾತಿನಲ್ಲಿ ತಿಳಿಸಿದರು. ಉತ್ತರ ಬಂದದ್ದು ಮಾರನೆಯ ದಿನ. ಅಜ್ಜ ಫೋಟೊವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ತುಂಬ ಹೊತ್ತು ನೋಡಿದರಂತೆ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲರೂ ದಡದ ಮೇಲೇ ಇದ್ದರಾ?"

ಇದ್ದರು, ಹದಿನಾಲ್ಕೂ ಜನ ಎಂದು ಭಾಯಿ ತಿಳಿಸಿದರು.

ಅದಾಗಿ ಒಂದು ತಿಂಗಳಿಗೆ ಆ ಮೊಮ್ಮಗಳು ಒಂದು ವಿಡಿಯೊ ಕಳಿಸಿದಳು. ಭಾಯಿ ಅದನ್ನು ಪಿಕಪ್ಪಿನ ಹಿಂದೆ ಎಲ್ಲರಿಗೂ ತೋರಿಸಿದರು. ಬೆಳ್ಳಗಿನ ಬಯಲು. ಒಬ್ಬ ಮುದುಕ ಹೊಸದೊಂದು ಕೋಲು ಹಿಡಿದು ಮುಂದೆ. ಹಿಂದೆ ದಪ್ಪ ಅಂಗಿಯ ಏಳೆಂಟು ಮಕ್ಕಳು, ಒಂದೊಂದರ ಕೈಯಲ್ಲೂ ಒಂದೊಂದು ಚಿಕ್ಕ ಕೋಲು. ಮುದುಕ ಕುಟ್ಟುತ್ತಾನೆ, ಮಕ್ಕಳು ಕುಟ್ಟುತ್ತವೆ, ಆಮೇಲೆ ಎಲ್ಲರೂ ಒಂದು ಹೆಜ್ಜೆ. ಯಾವ ತಿಂಗಳಲ್ಲಿ ಯಾವ ಜಾಗ ಗಟ್ಟಿ ಎಂದು ಕಲಿಸುವುದನ್ನು ಅಜ್ಜ ಬಿಟ್ಟಿದ್ದಾರೆ, ಕುಟ್ಟುವುದನ್ನು ಮತ್ತೆ ಶುರುಮಾಡಿದ್ದಾರೆ ಎಂದು ಅವಳು ಬರೆದಿದ್ದಳಂತೆ. ಭಾಯಿ ಓದಿ ಹೇಳಿ, ಟೋಪಿ ಮುಟ್ಟಿಕೊಂಡರು. "ಅಯ್ಯೋ, ಅಲ್ಲೂ ರಾಗಿ ಕುಟ್ತಾರಲ್ಲ" ಎಂದು ಲಕ್ಕಮ್ಮ ಕಣ್ಣೊರೆಸಿಕೊಂಡು ನಕ್ಕಳು.

ಕಣದಲ್ಲಿ ಅವತ್ತು, ಅವರ ಕೊನೆಯ ದಿನ, ನಾನು ಶಾಲು ಹೊದಿಸಿದೆ. ಗೌಡರು ಮೈಸೂರು ಪೇಟ ತರಿಸಿದ್ದರು. ಭಾಯಿ ಉಣ್ಣೆ ಟೋಪಿ ತೆಗೆಯಲು ಒಪ್ಪದೆ ಅದರ ಮೇಲೇ ಪೇಟ ಇಡಿಸಿಕೊಂಡರು. ನಾಲ್ಕು ಮಾತು ಆಡಿ ಎಂದರೆ, ಹಳ್ಳಕ್ಕೆ ಗೌಡರು ಕಟ್ಟಿಸಿದ ಹೊಸ ಸೇತುವೆ ಚೆನ್ನಾಗಿದೆ, ಆದರೂ ನೋಡಿಕೊಂಡು ಹೋಗಿ ಎಂದಷ್ಟೇ ಹೇಳಿದರು. ಆಮೇಲೆ ಗಾಡಿಯಿಂದ ಕೋಲು ತೆಗೆದರು. ಅದು ನನಗೇ ಬರುತ್ತದೆ ಎಂದು ನಾನು ಕೈ ಸ್ವಲ್ಪ ಮುಂದೆ ಮಾಡಿಯೂ ಇದ್ದೆ. ಅವರು ನನ್ನನ್ನು ದಾಟಿ ಟಾರ್ಪಾಲಿನವರೆಗೆ ನಡೆದು, ಅದನ್ನು ಲಕ್ಕಮ್ಮನ ಮಡಿಲಲ್ಲಿ ಇಟ್ಟರು. ನನಗೆ ಒಂದು ಗಳಿಗೆ ಪಿಚ್ಚೆನಿಸಿತು. ಯಾರಿಗೆ ಕೊಡಬೇಕು ಎಂದು ಅವರಿಗೆ ಗೊತ್ತಿತ್ತು. ಹದಿನಾಲ್ಕು ಜನ ಇಳಿದದ್ದು ಅವಳ ಮಾತಿಗೆ, ನನ್ನ ಮಾತಿಗಲ್ಲ.

ಈ ಸಲದ ಕುಯ್ಲು ಶುರುವಾದ ದಿನ ಹೊಸ ಡ್ರೈವರ್ ಬಂದ. ಹಿಂದಿನ ಎರಡು ದಿನ ಮಳೆಯಾಗಿತ್ತು. ಹಳ್ಳದ ಹತ್ತಿರ ಬಂದಾಗ ಲಕ್ಕಮ್ಮ ಹಿಂದಿನಿಂದ ಕ್ಯಾಬಿನ್ನಿನ ಮೇಲೆ ಎರಡು ಸಲ ಬಡಿದಳು. ಅವನು ಬ್ರೇಕು ಹಾಕಿ, ಏನಕ್ಕಾ, ಹೊಸ ಸೇತುವೆಯಲ್ಲವಾ ಎಂದು ಕೇಳಿದ. ಅವಳು ಉತ್ತರ ಕೊಡದೆ ಇಳಿದು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಒಂದೊಂದು ಕಡೆ ಮೂರು ಮೂರು ಸಲ ಕುಟ್ಟುತ್ತ ಆ ದಡ ಸೇರಿದಳು. ಸೇರಿ, ತಿರುಗಿ ಕೋಲು ಎತ್ತಿದಳು. ಗಾಡಿ ದಾಟಿತು.

ಅವತ್ತು ಹಾಜರಿ ಕಾಲು ಗಂಟೆ ತಡವಾಗಿ ಶುರುವಾಯಿತು. ನಾನು ಹದಿನಾಲ್ಕು ಹೆಸರು ಕೂಗಿದೆ. ಹದಿನಾಲ್ಕೂ ಜನ "ಬಂದಿವ್ನಿ" ಅಂದರು.